ಫರ್ಲೋ ಸಂಬಳ ಜಾಸ್ತಿ ಕೊಟ್ಟಿದ್ದೀವಿ, ವಾಪಸ್ ಕೊಡಿ ಅಂತಿದ್ದಾರೆ. ಸಹಿ ಹಾಕಲಾ, ಬೇಡ್ವಾ?

ರಿಸೆಪ್ಷನ್_ಅಕ್ಕ
24 ಏಪ್ರಿಲ್ 2021

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಇರುವವರು ಯಾರಾದರೂ ದಯವಿಟ್ಟು ಓದಿ ಹೇಳಿ, ಎರಡು ದಿನದಿಂದ ನಿದ್ದೆ ಇಲ್ಲ.

ನಾನು ಯಾರ್ಕ್ ಹತ್ತಿರ ಒಂದು ಹೋಟೆಲಿನಲ್ಲಿ ರಿಸೆಪ್ಷನ್ ಕೆಲಸ ಮಾಡುತ್ತೇನೆ. ಗಂಟೆ ಲೆಕ್ಕದ ಸಂಬಳ, ವಾರಕ್ಕೆ ಇಷ್ಟೇ ಗಂಟೆ ಅಂತ ಇಲ್ಲ. ಹೋದ ವರ್ಷ ಮಾರ್ಚ್ ಕೊನೆಯಲ್ಲಿ ಹೋಟೆಲ್ ಮುಚ್ಚಿತು, ಫರ್ಲೋ ಹಾಕಿದರು, ಅಂದರೆ ಕೆಲಸ ಇಲ್ಲದೆ ಮನೆಯಲ್ಲಿದ್ದರೂ ಸರ್ಕಾರದ ನೆರವಿನಿಂದ ಸಂಬಳದ 80% ಬರುತ್ತಿತ್ತು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆ ಎರಡು ಶಿಫ್ಟ್ ಹೋಗುತ್ತಿದ್ದೆ, ಉಳಿದದ್ದು ಫರ್ಲೋ. ನವೆಂಬರ್‌ನಲ್ಲಿ ಮತ್ತೆ ಲಾಕ್‌ಡೌನ್, ಮತ್ತೆ ಪೂರ್ತಿ ಫರ್ಲೋ, ಈಗಲೂ ಮನೆಯಲ್ಲೇ ಇದ್ದೇನೆ. ಮೇ 17ಕ್ಕೆ ಹೋಟೆಲ್ ತೆರೆಯುತ್ತದೆ ಅಂತ ಖುಷಿಯಲ್ಲಿದ್ದೆ, ಅಷ್ಟರಲ್ಲಿ ಈ ಪತ್ರ ಬಂತು.

ಪತ್ರದಲ್ಲಿ ಇರುವುದು ಇಷ್ಟು: ಹೊಸ ಪೇರೋಲ್ (ಸಂಬಳದ ಲೆಕ್ಕ ನೋಡುವ) ಕಂಪನಿಯವರು ಹಳೆಯ ಲೆಕ್ಕ ನೋಡಿದ್ದಾರೆ, ನಿಮಗೆ ಒಟ್ಟು 1,284 ಪೌಂಡ್ ಜಾಸ್ತಿ ಹೋಗಿದೆ, ಜೂನ್ ಮತ್ತು ಜುಲೈ ಸಂಬಳದಲ್ಲಿ 642, 642 ಹಿಡಿದುಕೊಳ್ಳುತ್ತೇವೆ, ಒಪ್ಪಿಗೆ ಇದೆ ಅಂತ 7 ದಿನದಲ್ಲಿ ಸಹಿ ಹಾಕಿ ಕಳಿಸಿ. ಯಾಕೆ ಜಾಸ್ತಿ ಹೋಯಿತು ಅನ್ನುವುದಕ್ಕೆ ಎರಡೇ ಸಾಲು. 816 ಪೌಂಡ್ ‘ಸರ್ವಿಸ್ ಚಾರ್ಜ್ ತಪ್ಪಾಗಿ ಸೇರಿದ್ದು’, 468 ಪೌಂಡ್ ‘ಫ್ಲೆಕ್ಸಿ ಫರ್ಲೋ ತಪ್ಪು’. ಅಷ್ಟೇ. ಲೆಕ್ಕದ ಹಾಳೆ ಇಲ್ಲ, ಯಾವ ತಿಂಗಳು ಎಷ್ಟು ಅಂತ ಇಲ್ಲ.

ನನಗೆ ತಿಂಗಳಿಗೆ ಬರುತ್ತಿದ್ದದ್ದೇ 960 ಪೌಂಡ್. ಅದರಲ್ಲಿ 642 ಹಿಡಿದರೆ ನಾನು ಬಸ್ಸಿನ ಪಾಸು ತೆಗೆದುಕೊಂಡು ಮನೆಯಲ್ಲೇ ಕೂರಬೇಕು. ಬಂದ ದುಡ್ಡು ಬಾಡಿಗೆಗೆ, ಮಗಳ ನರ್ಸರಿಗೆ, ಊರಿನಲ್ಲಿ ಅತ್ತೆಯ ಆಸ್ಪತ್ರೆ ಖರ್ಚಿಗೆ ಹೋಗಿ ಆಗಿದೆ. ಕೂಡಿಟ್ಟಿದ್ದು ಏನೂ ಇಲ್ಲ.

ಇನ್ನೊಂದು ಮಾತು. ಆಗಸ್ಟ್ ಸಂಬಳ ಬಂದಾಗ ನನಗೇ ಸ್ವಲ್ಪ ಜಾಸ್ತಿ ಅನ್ನಿಸಿತ್ತು. ಮ್ಯಾನೇಜರ್‌ಗೆ ಈಮೇಲ್ ಮಾಡಿ ಕೇಳಿದ್ದೆ. ‘ಪೇರೋಲ್‌ನವರು ನೋಡಿದ್ದಾರೆ, ಸರಿಯಾಗಿದೆ’ ಅಂತ ಉತ್ತರ ಬಂದಿತ್ತು. ಆ ಈಮೇಲ್ ಇದೆ.

ನಾನು ಯಜಮಾನರ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ಬಂದವಳು. ಜಗಳ ಆಡಿದರೆ ವೀಸಾಗೆ ತೊಂದರೆ ಆಗುತ್ತಾ ಅಂತ ಅವರಿಗೆ ಭಯ. ಸುಮ್ನೆ ಸಹಿ ಹಾಕಿ ಬಿಡು ಅಂತಿದ್ದಾರೆ. ಹಾಕಲಾ?

---

ನೇರ_ನುಡಿ

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ನಿಮ್ಮದಲ್ಲದ ದುಡ್ಡು ಬಂದಿದೆ, ವಾಪಸ್ ಕೊಡಬೇಕು. ಬ್ಯಾಂಕಿನವರು ತಪ್ಪಿ ನಿಮ್ಮ ಖಾತೆಗೆ ಹಾಕಿದರೆ ಇಟ್ಟುಕೊಳ್ತೀರಾ? ಮನೆಯಲ್ಲಿ ಕೂತು ಒಂದು ವರ್ಷ ಸಂಬಳ ತಗೊಂಡಿದ್ದೀರಿ, ನಮ್ಮೂರಲ್ಲಿ ಎಷ್ಟೋ ಜನಕ್ಕೆ ಅದೂ ಇರಲಿಲ್ಲ.

---

ಜೋಳದರೊಟ್ಟಿ

ನೇರ ನುಡಿ ಸಾರ್, ಅವರು ವಾಪಸ್ ಕೊಡಲ್ಲ ಅಂತ ಎಲ್ಲಿ ಬರೆದಿದ್ದಾರೆ? ಒಂದೇ ಸಲಕ್ಕೆ ಕೊಡೋಕೆ ಆಗಲ್ಲ, ಲೆಕ್ಕ ತೋರಿಸಿಲ್ಲ ಅಂತಿದ್ದಾರೆ. ಓದಿ ಆಮೇಲೆ ಬರೀರಿ.

ಅಕ್ಕ, ನನಗೆ ಗೊತ್ತಿರುವ ಹಾಗೆ ಅಂಗಡಿ, ಹೋಟೆಲ್ ಥರ ಗಿರಾಕಿಗಳ ಜೊತೆ ಕೆಲಸ ಮಾಡುವವರಿಗೆ ಸಂಬಳದ 10% ಮೇಲೆ ಹಿಡಿಯುವ ಹಾಗೇ ಇಲ್ಲ. ಅದನ್ನೇ ಹೇಳಿ. 642 ಹಿಡಿಯೋಕೆ ಚಾನ್ಸೇ ಇಲ್ಲ.

---

ಸಂಬಳದ_ಸಂಗತಿ

ನಾನು ರೆಡಿಂಗ್‌ನಲ್ಲಿ ಒಂಬತ್ತು ವರ್ಷದಿಂದ ಪೇರೋಲ್ ಕೆಲಸವೇ ಮಾಡುತ್ತಿರುವವನು. ವಕೀಲ ಅಲ್ಲ. ಸ್ವಲ್ಪ ಉದ್ದ ಆಗುತ್ತದೆ, ಟೀ ಇಟ್ಟುಕೊಂಡು ಓದಿ.

ಮೊದಲು ಜೋಳದರೊಟ್ಟಿಯವರ 10%. ಆ ನಿಯಮ ಇರುವುದು ನಿಜ, ಆದರೆ ಅದು ಗಲ್ಲಾ ಪೆಟ್ಟಿಗೆಯಲ್ಲಿ ದುಡ್ಡು ಕಡಿಮೆ ಬಂದಾಗ, ಸ್ಟಾಕ್ ಕಾಣೆಯಾದಾಗ ಹಿಡಿಯುವ ದುಡ್ಡಿಗೆ. ಜಾಸ್ತಿ ಹೋದ ಸಂಬಳಕ್ಕೆ ಅದು ಅನ್ವಯಿಸುವುದಿಲ್ಲ. ಇದನ್ನು ಪತ್ರದಲ್ಲಿ ಬರೆದರೆ ಅವರು ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾರೆ, ಆಮೇಲೆ ನಿಮ್ಮ ಒಳ್ಳೆಯ ವಾದಕ್ಕೂ ಬೆಲೆ ಇರುವುದಿಲ್ಲ.

ಈಗ ಕಹಿ ಸುದ್ದಿ. 1996ರ ಎಂಪ್ಲಾಯ್ಮೆಂಟ್ ರೈಟ್ಸ್ ಆಕ್ಟ್ ಅಂತ ಇದೆ. ಅದರ 13ನೇ ಸೆಕ್ಷನ್ ನಿಮ್ಮ ಒಪ್ಪಿಗೆ ಇಲ್ಲದೆ ಸಂಬಳ ಹಿಡಿಯಬಾರದು ಅನ್ನುತ್ತದೆ. ಆದರೆ ಪಕ್ಕದಲ್ಲೇ 14ನೇ ಸೆಕ್ಷನ್ ಇದೆ. ಜಾಸ್ತಿ ಕೊಟ್ಟ ಸಂಬಳವನ್ನು ವಾಪಸ್ ಪಡೆಯಲು ಹಿಡಿದರೆ ಆ ರಕ್ಷಣೆ ಇಲ್ಲ ಅಂತ ಅದು ಹೇಳುತ್ತದೆ. ಅಂದರೆ ನಿಜವಾಗಿ ಜಾಸ್ತಿ ಹೋಗಿದ್ದರೆ ನಿಮ್ಮ ಸಹಿ ಅವರಿಗೆ ಬೇಕಾಗಿಯೇ ಇಲ್ಲ. ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿದರೂ, ತಪ್ಪಿ ಕೊಟ್ಟ ಸಂಬಳದ ವಸೂಲಿಗೆ ಅದೂ ಅಡ್ಡ ಬರುವುದಿಲ್ಲ.

ಹಾಗಾದರೆ ಸಹಿ ಯಾಕೆ ಕೇಳುತ್ತಿದ್ದಾರೆ? ನನ್ನ ಅನುಭವದಲ್ಲಿ ಲೆಕ್ಕದ ಮೇಲೆ ಅವರಿಗೇ ಪೂರ್ತಿ ಧೈರ್ಯ ಇಲ್ಲದಿದ್ದಾಗ ಸಹಿ ಕೇಳುತ್ತಾರೆ. ನೀವು ‘ಒಪ್ಪಿದ್ದೇನೆ’ ಅಂದರೆ 1,284 ಅನ್ನುವ ಮೊತ್ತವನ್ನೇ ಒಪ್ಪಿದ ಹಾಗೆ. ಆದ್ದರಿಂದ ಈಗ ಸಹಿ ಹಾಕಬೇಡಿ. ಹಾಗಂತ ಸುಮ್ಮನೆಯೂ ಇರಬೇಡಿ. 7 ದಿನದ ಒಳಗೆ ಉತ್ತರ ಹೋಗಲಿ: ಲೆಕ್ಕ ಕೊಡಿ, ನೋಡಿ ಹೇಳುತ್ತೇನೆ ಅಂತ.

ಮುಖ್ಯವಾದದ್ದು ಇನ್ನು ಮುಂದೆ. ನಿಮ್ಮ ಪತ್ರದಲ್ಲಿರುವ ಎರಡು ಮೊತ್ತ ಒಂದೇ ಜಾತಿಯವು ಅಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಕಳಿಸಿದ್ದಾರೆ, ನೀವು ಬಿಡಿಸಿ ನೋಡಬೇಕು.

468 ಪೌಂಡಿನದು ಬಹುಶಃ ನಿಜವಾದ ತಪ್ಪು. ಜುಲೈ 2020ರಿಂದ ಫ್ಲೆಕ್ಸಿ ಫರ್ಲೋ ಬಂತು. ಕೆಲಸ ಮಾಡಿದ ಗಂಟೆಗೆ ಪೂರ್ತಿ ಸಂಬಳ, ಮಾಡದ ಗಂಟೆಗೆ 80%. ನಿಮ್ಮ ಪೇರೋಲ್‌ನವರು ಎರಡು ಶಿಫ್ಟಿನ ಸಂಬಳ ಕೊಟ್ಟು, ಅದೇ ಗಂಟೆಗಳನ್ನು ಫರ್ಲೋ ಲೆಕ್ಕದಿಂದ ತೆಗೆಯಲು ಮರೆತಿರಬಹುದು. ಈ ತಪ್ಪು ಆಗ ಎಷ್ಟು ಕಡೆ ಆಯಿತು ಅಂತ ಹೇಳತೀರದು, ನಮ್ಮ ಆಫೀಸಿನಲ್ಲೂ ಒಬ್ಬರಿಗೆ ಆಯಿತು. ಮೂರು ತಿಂಗಳಿಗೆ 468 ಅಂದರೆ ತಿಂಗಳಿಗೆ 156. ನಿಮ್ಮ ರೋಟಾ (ಶಿಫ್ಟ್ ಪಟ್ಟಿ) ಮತ್ತು ಪೇಸ್ಲಿಪ್ ಎದುರುಬದುರು ಇಟ್ಟು ನೋಡಿ, ಸರಿ ಹೊಂದಬಹುದು.

816 ಪೌಂಡಿನ ಕಥೆಯೇ ಬೇರೆ. ಸರ್ಕಾರದಿಂದ ಫರ್ಲೋ ಗ್ರಾಂಟ್ ಕೇಳುವಾಗ ಟಿಪ್ಸ್ ಸೇರಿಸುವ ಹಾಗಿಲ್ಲ. ಹೋಟೆಲುಗಳಲ್ಲಿ ಸರ್ವಿಸ್ ಚಾರ್ಜ್ ಒಟ್ಟು ಮಾಡಿ ‘ಟ್ರಾಂಕ್’ ಅಂತ ಹಂಚುತ್ತಾರಲ್ಲ, ಅದನ್ನೂ ಸೇರಿಸುವ ಹಾಗಿಲ್ಲ. ನಿಮ್ಮ ಹೋಟೆಲ್ ಅದನ್ನು ಸೇರಿಸಿ ಎಚ್‌ಎಂಆರ್‌ಸಿಯಿಂದ (ಇಲ್ಲಿನ ತೆರಿಗೆ ಇಲಾಖೆ) ಹೆಚ್ಚು ಕೇಳಿದೆ. ಸರಿ, ಅದು ಅವರ ಮತ್ತು ಎಚ್‌ಎಂಆರ್‌ಸಿ ನಡುವಿನ ಲೆಕ್ಕ. ಎಚ್‌ಎಂಆರ್‌ಸಿ ಆ ದುಡ್ಡು ಕೇಳುವುದು ಮಾಲೀಕರನ್ನು, ನಿಮ್ಮನ್ನಲ್ಲ.

ನಿಮಗೂ ಹೋಟೆಲಿಗೂ ನಡುವೆ ಇರುವ ಪ್ರಶ್ನೆ ಒಂದೇ: ನಿಮಗೆ ಎಷ್ಟು ಕೊಡುತ್ತೇವೆ ಅಂತ ಅವರು ಮಾತು ಕೊಟ್ಟಿದ್ದರು? ಫರ್ಲೋ ಹಾಕುವಾಗ ಒಂದು ಪತ್ರ ಕೊಟ್ಟಿರಬೇಕು. ಅದನ್ನು ಹುಡುಕಿ. ಅದರಲ್ಲಿ ‘ಸರ್ಕಾರದಿಂದ ಸಿಗುವಷ್ಟು ಕೊಡುತ್ತೇವೆ’ ಅಂತ ಇದ್ದರೆ ಅವರ ಕೈ ಮೇಲು. ‘ನಿಮ್ಮ ಸರಾಸರಿ ತಿಂಗಳ ಸಂಬಳದ 80% ಕೊಡುತ್ತೇವೆ’ ಅಂತ ಇದ್ದು, ನಿಮ್ಮ ಪೇಸ್ಲಿಪ್‌ನ ಸಂಬಳದಲ್ಲಿ ಯಾವಾಗಲೂ ಸರ್ವಿಸ್ ಚಾರ್ಜ್ ಸೇರಿ ಬರುತ್ತಿದ್ದರೆ, ಅವರು ಒಪ್ಪಿದ್ದನ್ನೇ ಕೊಟ್ಟಿದ್ದಾರೆ ಅಂತ ವಾದಿಸಬಹುದು. ಒಪ್ಪಿದ್ದಷ್ಟು ಕೊಟ್ಟರೆ ಅದು ಜಾಸ್ತಿ ಸಂಬಳ ಹೇಗಾಗುತ್ತದೆ? ಗ್ರಾಂಟ್ ತಪ್ಪಾಗಿ ಕೇಳಿದ್ದು ಅವರ ನಷ್ಟ.

ಇದರ ಜೊತೆ ಇನ್ನೊಂದು ಪ್ರಶ್ನೆ ಮೆತ್ತಗೆ ಕೇಳಿ: ‘ಈ 816 ಪೌಂಡನ್ನು ನೀವು ಎಚ್‌ಎಂಆರ್‌ಸಿಗೆ ವಾಪಸ್ ಕಟ್ಟಿದ್ದೀರಾ?’ ಗ್ರಾಂಟ್ ದುಡ್ಡು ಪೂರ್ತಿ ನೌಕರರಿಗೆ ಹೋಗಬೇಕು ಅನ್ನುವುದು ಆ ಯೋಜನೆಯ ಷರತ್ತು. ಸರ್ಕಾರಕ್ಕೂ ಕಟ್ಟದೆ ನಿಮ್ಮಿಂದಲೂ ತೆಗೆದುಕೊಂಡರೆ ಆ ದುಡ್ಡು ಎಲ್ಲಿ ಕೂರುತ್ತದೆ? ಈ ಪ್ರಶ್ನೆ ಬಂದರೆ ಯಾವ ಅಕೌಂಟೆಂಟ್ ಆದರೂ ಎದ್ದು ಕೂರುತ್ತಾನೆ.

ಕೊನೆಗೆ ಒಂದು. 1,284 ಅನ್ನುವುದು ಕಡಿತಕ್ಕೆ ಮೊದಲಿನ ಮೊತ್ತವೋ, ನಿಮ್ಮ ಕೈಗೆ ಬಂದ ಮೊತ್ತವೋ? ತಿಂಗಳಿಗೆ 792 ಪೌಂಡ್ ದಾಟಿದ ಮೇಲೆ ನೀವು 12% ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ, ಸಂಬಳದಲ್ಲೇ ಹಿಡಿಯುವ ಸಾಮಾಜಿಕ ವಿಮೆ) ಕಟ್ಟಿದ್ದೀರಿ. 1,284ರಲ್ಲಿ ಅದೊಂದೇ ಸುಮಾರು 154 ಪೌಂಡ್. ಅದು ನಿಮ್ಮ ಕೈಗೆ ಬಂದೇ ಇಲ್ಲ. ಏಪ್ರಿಲ್ 5ಕ್ಕೆ ತೆರಿಗೆ ವರ್ಷ ಬೇರೆ ಮುಗಿದಿದೆ, ಹಳೆಯ ವರ್ಷದ್ದನ್ನು ಸರಿ ಮಾಡುವುದು ಪೇರೋಲ್‌ನವರಿಗೆ ಸ್ವಲ್ಪ ತಲೆನೋವು, ಅದಕ್ಕೇ ಕೆಲವರು ದೊಡ್ಡ ಮೊತ್ತವನ್ನೇ ಕೇಳಿ ಕೈತೊಳೆದುಕೊಳ್ಳುತ್ತಾರೆ. ಬಿಡಬೇಡಿ.

---

ಜೋಳದರೊಟ್ಟಿ

10% ವಿಷಯ ತಪ್ಪು ಹೇಳಿದೆ, ಕ್ಷಮಿಸಿ. ನಾನು ಅಂಗಡಿಯಲ್ಲಿದ್ದಾಗ ಗಲ್ಲಾದಲ್ಲಿ 40 ಪೌಂಡ್ ಕಡಿಮೆ ಬಂದು ಆ ನಿಯಮ ಕೇಳಿದ್ದೆ, ಎಲ್ಲದಕ್ಕೂ ಅದೇ ಅಂದುಕೊಂಡಿದ್ದೆ.

---

ನಿವೃತ್ತ_ಗುಮಾಸ್ತ_ಧಾರವಾಡ

ತಂಗೀ, ನಾನು ಧಾರವಾಡದವ, ಅಲ್ಲಿಯ ಕಾನೂನು ನನಗೆ ಗೊತ್ತಿಲ್ಲ. ಆದರೆ ಇಲ್ಲಿ ಇಂಥದ್ದು ಬಹಳ ನೋಡಿದ್ದೇನೆ. ನನ್ನ ಗೆಳೆಯನಿಗೆ ನಿವೃತ್ತಿಯಾದ ನಾಲ್ಕು ತಿಂಗಳಿಗೆ, ಹನ್ನೊಂದು ವರ್ಷದ ಹಿಂದೆ ವೇತನ ನಿಗದಿ ತಪ್ಪಾಗಿದೆ, ಅಂದಿನಿಂದ ಕೊಟ್ಟಿದ್ದೆಲ್ಲ ಕಟ್ಟಿ ಅಂತ ನೋಟಿಸ್ ಬಂತು. ಹನ್ನೊಂದು ವರ್ಷ! ಪಾಪ ಅವ ಗ್ರಾಚ್ಯುಟಿ ದುಡ್ಡಿನಲ್ಲಿ ಮನೆ ಮೇಲೆ ಎರಡು ಕೋಣೆ ಎಬ್ಬಿಸಿದ್ದ.

ಆಗ ನಮಗೆ ಕೈ ಹಿಡಿದಿದ್ದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಕೊಟ್ಟ ತೀರ್ಪು. ಸಿ ಮತ್ತು ಡಿ ದರ್ಜೆಯ ನೌಕರರಿಂದ, ನಿವೃತ್ತರಿಂದ, ಒಂದು ವರ್ಷದೊಳಗೆ ನಿವೃತ್ತಿಯಾಗುವವರಿಂದ, ಐದು ವರ್ಷಕ್ಕೂ ಹೆಚ್ಚು ಕಾಲ ಜಾಸ್ತಿ ಕೊಡುತ್ತಾ ಬಂದಿದ್ದರೆ ಅವರಿಂದ, ವಸೂಲಿ ಮಾಡಬಾರದು ಅಂತ ಅದರಲ್ಲಿ ಹೇಳಿದ್ದಾರೆ. ತಪ್ಪು ಮಾಡಿದ್ದು ಕಚೇರಿ, ನೌಕರ ಮೋಸ ಮಾಡಿಲ್ಲ ಅನ್ನುವ ಸಂದರ್ಭದ ಮಾತು ಇದು. ಖಾಸಗಿಯವರಿಗೆ ಬೇರೆ, ಅಲ್ಲಿ 1936ರ ವೇತನ ಪಾವತಿ ಕಾಯ್ದೆ ಇದೆ. ಅದರಲ್ಲಿ ಜಾಸ್ತಿ ಕೊಟ್ಟದ್ದನ್ನು ಹಿಡಿಯಬಹುದು ಅಂತಲೂ ಇದೆ, ಆದರೆ ಸಾಮಾನ್ಯವಾಗಿ ಎಲ್ಲಾ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದು ಅಂತಲೂ ಇದೆ. ನಿಮ್ಮ ಇಂಗ್ಲೆಂಡಿನಲ್ಲಿ ಅಷ್ಟು ಮಿತಿಯೂ ಇಲ್ಲ ಅಂದರೆ ಆಶ್ಚರ್ಯ ಆಯಿತು.

---

ಸಂಬಳದ_ಸಂಗತಿ

ಹಿರಿಯರೇ, ನಿಮ್ಮ ತೀರ್ಪು ಇಲ್ಲಿ ನಡೆಯುವುದಿಲ್ಲ, ಆದರೆ ಅದೇ ಧಾಟಿಯ ಒಂದು ಕೇಸ್ ಇಲ್ಲೂ ಇದೆ. 1983ರದ್ದು, ಏವನ್ ಕೌಂಟಿ ಕೌನ್ಸಿಲ್ ಮತ್ತು ಹೌಲೆಟ್. ಒಬ್ಬ ಶಿಕ್ಷಕರು ಹುಷಾರಿಲ್ಲದೆ ರಜೆಯಲ್ಲಿದ್ದಾಗ ಕೌನ್ಸಿಲ್ ಅವರಿಗೆ ಸಾವಿರ ಪೌಂಡಿಗೂ ಸ್ವಲ್ಪ ಮೇಲೆ ಜಾಸ್ತಿ ಕೊಟ್ಟಿತ್ತು. ಅದು ತಮ್ಮ ಹಕ್ಕಿನ ದುಡ್ಡು ಅಂತ ನಂಬಿ ಅದರಲ್ಲಿ ಅರ್ಧಕ್ಕೂ ಹೆಚ್ಚು ಖರ್ಚು ಮಾಡಿದ್ದರು. ಕೋರ್ಟ್ ಆಫ್ ಅಪೀಲ್ ಕೌನ್ಸಿಲಿಗೆ ವಾಪಸ್ ಕೇಳುವ ಹಕ್ಕಿಲ್ಲ ಅಂದಿತು.

ಅಕ್ಕನ ಆಗಸ್ಟ್ ಈಮೇಲ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅವರೇ ಕೇಳಿದ್ದಾರೆ, ಮ್ಯಾನೇಜರ್ ಸರಿಯಾಗಿದೆ ಅಂದಿದ್ದಾರೆ, ಅದನ್ನು ನಂಬಿ ಖರ್ಚು ಮಾಡಿದ್ದಾರೆ, ತಪ್ಪು ಅವರದ್ದಲ್ಲ. ಆದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಈ ವಾದ ನಡೆಯುವುದು ಸಿವಿಲ್ ಕೋರ್ಟಿನಲ್ಲಿ, ಅವರು ನಿಮ್ಮ ಮೇಲೆ ಕೇಸ್ ಹಾಕಿದಾಗ ನಿಮ್ಮ ರಕ್ಷಣೆಯಾಗಿ. ಅವರು ಕೋರ್ಟಿಗೆ ಹೋಗದೆ ಸೀದಾ ಸಂಬಳದಲ್ಲೇ ಹಿಡಿದುಬಿಟ್ಟರೆ? ಅಲ್ಲೇ ಇರುವುದು ಕಷ್ಟ. ಬಾಡಿಗೆ, ದಿನಸಿ ಥರದ ಎಂದಿನ ಖರ್ಚೂ ಇದಕ್ಕೆ ಸುಲಭಕ್ಕೆ ಸಾಲುವುದಿಲ್ಲ, ಆ ದುಡ್ಡು ಬಂದಿದ್ದರಿಂದಲೇ ಮಾಡಿದ ಖರ್ಚು ಅಂತ ತೋರಿಸಬೇಕಾಗುತ್ತದೆ. ಕೋರ್ಟಿನ ಮಾತು ಪಕ್ಕಕ್ಕೆ ಇಡಿ, ಕಂತು ಸಣ್ಣದು ಮಾಡಿಸಿಕೊಳ್ಳುವುದಕ್ಕೆ ಆ ಈಮೇಲ್ ಒಳ್ಳೆಯ ಆಯುಧ.

---

ಇಡ್ಲಿವಡೆ_ಸ್ಲೌ

ಆ ಕಡೆಯವನಾಗಿ ನಾನೊಂದು ಮಾತು ಬರೆಯುತ್ತೇನೆ, ಬೈಬೇಡಿ. ನನ್ನದು ಸ್ಲೌನಲ್ಲಿ ಸಣ್ಣ ಹೋಟೆಲ್, ನಾಲ್ಕು ಜನ ಹುಡುಗರು. ಹೋದ ವರ್ಷ ಏಪ್ರಿಲ್ 20ಕ್ಕೆ ಫರ್ಲೋ ಪೋರ್ಟಲ್ ತೆರೆದ ದಿನ ಬೆಳಗ್ಗೆಯಿಂದ ಅಡುಗೆಮನೆ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನೇ ಲೆಕ್ಕ ಹಾಕಿದ್ದು. ಅಕೌಂಟೆಂಟ್ ಫೋನ್ ಎತ್ತುತ್ತಿರಲಿಲ್ಲ, ಅವರಿಗೂ ಇನ್ನೂರು ಜನ ಫೋನ್ ಮಾಡುತ್ತಿದ್ದರು. ಗಂಟೆ ಹೆಚ್ಚುಕಮ್ಮಿ ಇರುವವರಿಗೆ ಹಿಂದಿನ ವರ್ಷದ ಅದೇ ತಿಂಗಳ ಸಂಬಳ, ಇಲ್ಲಾ ವರ್ಷದ ಸರಾಸರಿ, ಎರಡರಲ್ಲಿ ಯಾವುದು ದೊಡ್ಡದೋ ಅದು. ಓವರ್‌ಟೈಮ್ ಕಡ್ಡಾಯವಾಗಿ ಕೊಡಬೇಕಾದ್ದು ಇದ್ದರೆ ಸೇರಿಸು, ಟಿಪ್ಸ್ ಬಿಡು. ಜುಲೈಗೆ ಫ್ಲೆಕ್ಸಿ, ಆಗಸ್ಟ್‌ನಿಂದ ಎನ್‌ಐ ಮತ್ತು ಪೆನ್ಷನ್ ನಾವೇ ಕಟ್ಟಬೇಕು, ಸೆಪ್ಟೆಂಬರ್‌ಗೆ ಸರ್ಕಾರ 70%, ಅಕ್ಟೋಬರ್‌ಗೆ 60%, ಉಳಿದದ್ದು ನಮ್ಮ ಜೇಬಿನಿಂದ. ನಿಲ್ಲುತ್ತದೆ ಅಂದರು, ನವೆಂಬರ್‌ಗೆ ಮತ್ತೆ ಸರ್ಕಾರವೇ 80% ಅಂದರು. ಒಂದು ಲೆಕ್ಕ ಕಲಿಯುವಷ್ಟರಲ್ಲಿ ಇನ್ನೊಂದು.

ನಾನೂ ಟಿಪ್ಸ್ ಸೇರಿಸಿಬಿಟ್ಟಿದ್ದೆ. ತಿಳಿದ ಮೇಲೆ ಎಚ್‌ಎಂಆರ್‌ಸಿಗೆ ವಾಪಸ್ ಕಟ್ಟಿದೆ. ಹುಡುಗರನ್ನು ಕೇಳಲಿಲ್ಲ. ದೊಡ್ಡ ಮನಸ್ಸು ಅಂತೇನಲ್ಲ, ಕೇಳಿದರೆ ತೆರೆಯುವ ಹೊತ್ತಿಗೆ ಬಿಟ್ಟು ಹೋಗುತ್ತಾರೆ ಅನ್ನುವ ಹೆದರಿಕೆ. ದೋಸೆ ಹಾಕುವವನು ಸ್ಲೌನಲ್ಲಿ ಸುಲಭಕ್ಕೆ ಸಿಗಲ್ಲ.

ನನ್ನಂಥವನೊಬ್ಬನೇ ಅಲ್ಲ. ಹೋದ ಸೆಪ್ಟೆಂಬರ್‌ನಲ್ಲಿ ಎಚ್‌ಎಂಆರ್‌ಸಿಯ ಮುಖ್ಯಸ್ಥ ಜಿಮ್ ಹ್ಯಾರಾ ಅವರೇ ಸಂಸತ್ತಿನ ಸಮಿತಿಯ ಮುಂದೆ, ಫರ್ಲೋ ದುಡ್ಡಿನಲ್ಲಿ 5ರಿಂದ 10% ತಪ್ಪಿನಿಂದಲೋ ಮೋಸದಿಂದಲೋ ಹೋಗಿರಬಹುದು ಅಂದಿದ್ದರು. 350 ಕೋಟಿ ಪೌಂಡ್‌ವರೆಗೆ! ಅದರಲ್ಲಿ ಕಳ್ಳರೂ ಇದ್ದಾರೆ, ಕಟ್ಟೆ ಮೇಲೆ ಲೆಕ್ಕ ಹಾಕಿದವರೂ ಇದ್ದಾರೆ. ನಿಮ್ಮ ಹೋಟೆಲಿನವರು ಯಾವ ಗುಂಪು ಅಂತ ಪತ್ರದ ಧಾಟಿಯಲ್ಲೇ ತಿಳಿಯುತ್ತದೆ. ಲೆಕ್ಕ ಕೇಳಿ, ಕೊಟ್ಟರೆ ಒಳ್ಳೆಯವರು.

---

ನೇರ_ನುಡಿ

ಸ್ಲೌ ಅಣ್ಣ, ನೀವು ಕಟ್ಟಿದ್ರಿ ಅಂತ ಎಲ್ಲರೂ ಕಟ್ಟಬೇಕಾ? ಸಣ್ಣ ಮಾಲೀಕರಿಗೂ ಹೊಟ್ಟೆ ಇದೆ.

---

ಇಡ್ಲಿವಡೆ_ಸ್ಲೌ

ಇದೆ ಗುರೂ, ನನ್ನದೇ ಇದೆ. ಅದಕ್ಕೇ ಹೇಳಿದ್ದು.

---

ಮಿಲ್ಟನ್_ಮಳೆ

ಅಕ್ಕ, ನನಗೂ ಇದೇ ಆಯಿತು, ಗೋದಾಮಿನ ಕೆಲಸ. 700 ಪೌಂಡ್ ಕೇಳಿದರು. ನಾನು ಗಾಬರಿಯಲ್ಲಿ ಮೊದಲ ದಿನವೇ ಸಹಿ ಹಾಕಿಬಿಟ್ಟೆ. ಆಮೇಲೆ ಪೇಸ್ಲಿಪ್ ತೆಗೆದು ನೋಡಿದರೆ ಅದರಲ್ಲಿ 180 ಪೌಂಡ್ ನನ್ನ ರಜೆಯ ದುಡ್ಡು. ಫರ್ಲೋದಲ್ಲಿ ಇರುವಾಗ ರಜೆ ತೆಗೆದುಕೊಂಡರೆ ಆ ದಿನಗಳಿಗೆ 80% ಅಲ್ಲ, ಪೂರ್ತಿ ಸಂಬಳ ಕೊಡಬೇಕು. ಅವರು ಆ ಪೂರ್ತಿಯನ್ನೇ ‘ಜಾಸ್ತಿ’ ಅಂತ ಲೆಕ್ಕ ಹಾಕಿದ್ದರು. ಸಹಿ ಹಾಕಿದ್ದೀಯಲ್ಲ ಅಂತ ಎರಡು ತಿಂಗಳು ಓಡಾಡಿಸಿದರು, ಕೊನೆಗೆ ಕೊಟ್ಟರು. ನೀವು ಆ ಒಂದು ವರ್ಷದಲ್ಲಿ ರಜೆ ಏನಾದರೂ ಹಾಕಿದ್ದರೆ ಆ ತಿಂಗಳು ಬೇರೆ ಇಟ್ಟು ನೋಡಿ.

ಕಂತಿನ ವಿಷಯದಲ್ಲಿ ನಾನು ಮಾಡಿದ್ದು: ಒಂದು ಹಾಳೆಯಲ್ಲಿ ಬಾಡಿಗೆ, ಕರೆಂಟು, ಕೌನ್ಸಿಲ್ ಟ್ಯಾಕ್ಸ್, ಬಸ್ಸು, ದಿನಸಿ ಎಲ್ಲಾ ಬರೆದು, ಕೊನೆಗೆ ಉಳಿಯುವುದು ಇಷ್ಟು, ತಿಂಗಳಿಗೆ 40 ಪೌಂಡ್ ಕೊಡಬಲ್ಲೆ ಅಂತ ಕಳಿಸಿದೆ. 60ಕ್ಕೆ ನಿಂತಿತು. ‘ಆಗಲ್ಲ’ ಅನ್ನುವುದಕ್ಕಿಂತ ‘ಇಷ್ಟು ಆಗುತ್ತದೆ’ ಅಂದರೆ ಎಚ್‌ಆರ್‌ನವರಿಗೂ ಮೇಲಿನವರ ಮುಂದೆ ತೋರಿಸಲು ಏನೋ ಒಂದು ಇರುತ್ತದೆ. ಮತ್ತೆ, ಬೇರೆ ಕೆಲಸ ಹುಡುಕುತ್ತಿದ್ದರೆ ಹುಷಾರು. ಬಿಟ್ಟು ಹೋಗುವಾಗ ಕೊನೆಯ ಸಂಬಳದಲ್ಲಿ ಉಳಿದದ್ದೆಲ್ಲ ಒಟ್ಟಿಗೆ ಹಿಡಿಯಬಹುದು, ಹಾಗೆ ಹಿಡಿಯಬಾರದು ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ.

---

ಸಂಬಳದ_ಸಂಗತಿ

ರಜೆ ವಿಷಯ ಒಳ್ಳೆಯದು ನೆನಪಿಸಿದಿರಿ, ನಾನು ಮರೆತಿದ್ದೆ.

ವೀಸಾ ಬಗ್ಗೆ ಯಾರೂ ಹೇಳಲಿಲ್ಲ. ಯಜಮಾನರಿಗೆ ಹೇಳಿ, ಫರ್ಲೋ ಯಾವ ವೀಸಾದವರಿಗಾದರೂ ಕೊಡಬಹುದಿತ್ತು, ಅದು ‘ಪಬ್ಲಿಕ್ ಫಂಡ್ಸ್’ (ವೀಸಾದವರು ಪಡೆಯಬಾರದ ಸರ್ಕಾರಿ ಭತ್ಯೆ) ಲೆಕ್ಕಕ್ಕೆ ಬರುವುದಿಲ್ಲ ಅಂತ ಸರ್ಕಾರವೇ ಸ್ಪಷ್ಟವಾಗಿ ಬರೆದಿದೆ. ಮಾಲೀಕರ ಜೊತೆ ಸಂಬಳದ ತಕರಾರು ಇದ್ದರೆ ಡಿಪೆಂಡೆಂಟ್ ವೀಸಾಗೆ ಏನೂ ಆಗುವುದಿಲ್ಲ, ನಿಮ್ಮ ವೀಸಾ ಆ ಹೋಟೆಲಿಗೆ ಕಟ್ಟಿಕೊಂಡಿಲ್ಲ. ಭಯ ಬೇಡ.

ಮಾತುಕತೆ ಮುರಿದು ಅವರು ಹಿಡಿದೇ ಬಿಟ್ಟರೆ, ಹಿಡಿದ ದಿನದಿಂದ ಮೂರು ತಿಂಗಳಿಗೆ ಒಂದು ದಿನ ಕಡಿಮೆ, ಅಷ್ಟರೊಳಗೆ ಏಕಾಸ್ ಸಂಸ್ಥೆಗೆ ತಿಳಿಸಬೇಕು. ಅವರು ಮೊದಲು ಇಬ್ಬರ ನಡುವೆ ರಾಜಿ ಮಾಡಿಸಲು ನೋಡುತ್ತಾರೆ, ಆಗದಿದ್ದರೆ ಎಂಪ್ಲಾಯ್ಮೆಂಟ್ ಟ್ರಿಬ್ಯುನಲ್ (ಕೆಲಸದ ತಕರಾರು ನೋಡುವ ಕೋರ್ಟು). ಎರಡಕ್ಕೂ ಶುಲ್ಕ ಇಲ್ಲ, ಟ್ರಿಬ್ಯುನಲ್ ಶುಲ್ಕವನ್ನು ಸುಪ್ರೀಂ ಕೋರ್ಟ್ 2017ರಲ್ಲೇ ತೆಗೆದುಹಾಕಿತು. ಅಲ್ಲಿ ‘ಜಾಸ್ತಿ ಕೊಟ್ಟಿದ್ದಾರೆ, ಆದರೆ ನನಗೆ ಕಷ್ಟ’ ಅಂದರೆ ನಡೆಯುವುದಿಲ್ಲ. ‘ಜಾಸ್ತಿ ಕೊಟ್ಟೇ ಇಲ್ಲ, ಒಪ್ಪಿದ್ದನ್ನೇ ಕೊಟ್ಟರು’ ಅನ್ನುವುದು ವಾದ. ಅದಕ್ಕೇ ಆ ಫರ್ಲೋ ಪತ್ರ ಹುಡುಕಿ ಅಂತ ಪದೇ ಪದೇ ಹೇಳುತ್ತಿದ್ದೇನೆ. ಸಿಕ್ತಾ?

---

ರಿಸೆಪ್ಷನ್_ಅಕ್ಕ

ಸಿಕ್ಕಿತು! ಮಗಳ ಲಸಿಕೆ ಕಾರ್ಡಿನ ಫೈಲಿನಲ್ಲಿ ಇತ್ತು, ಯಾಕೆ ಅಲ್ಲಿಟ್ಟೆನೋ. 2020 ಮಾರ್ಚ್ 27ರ ಪತ್ರ. ಅದರಲ್ಲಿ ಇರುವುದು ‘ಕಳೆದ 12 ತಿಂಗಳ ನಿಮ್ಮ ಸರಾಸರಿ ತಿಂಗಳ ಸಂಬಳದ 80%’ ಅಂತ. ಸರ್ಕಾರ, ಗ್ರಾಂಟ್ ಅನ್ನುವ ಪದಗಳು ಆ ಸಾಲಿನಲ್ಲಿ ಇಲ್ಲ. ಕೆಳಗೆ ಎಲ್ಲೋ ‘ಯೋಜನೆಯ ನಿಯಮಗಳಿಗೆ ಒಳಪಟ್ಟು’ ಅಂತ ಒಂದು ಮಾತಿದೆ. ಇದು ಕೆಡಿಸುತ್ತಾ?

ಸರ್ವಿಸ್ ಚಾರ್ಜ್ ನಮ್ಮ ಪೇಸ್ಲಿಪ್‌ನಲ್ಲಿ ಬೇರೆ ಸಾಲಿನಲ್ಲಿ ಬರುತ್ತದೆ, ಆದರೆ ಒಟ್ಟು ಸಂಬಳದ ಮೇಲೇ ಇದೆ. ತಿಂಗಳಿಗೆ 127, 128 ಪೌಂಡ್ ಆಗುತ್ತಿತ್ತು. ಅದರ 80% ಅಂದರೆ 102, ಎಂಟು ತಿಂಗಳಿಗೆ 816. ಆ ಲೆಕ್ಕ ನಾನೇ ಕೂತು ಹಾಕಿದೆ, ಸರಿಯಾಗಿ ಬಂತು. ಪಿಯುಸಿಯಲ್ಲಿ ಅಕೌಂಟೆನ್ಸಿ ಓದಿದ್ದು ಇಷ್ಟು ವರ್ಷಕ್ಕೆ ಪ್ರಯೋಜನಕ್ಕೆ ಬಂತು ನೋಡಿ. ರೋಟಾ ನೋಡಿದೆ, 468 ಅವರ ಕಡೆ ಸರಿ ಇದೆ. ಅದು ನಾನು ಕೊಡಬೇಕಾದ್ದೇ.

---

ಸಂಬಳದ_ಸಂಗತಿ

‘ನಿಯಮಗಳಿಗೆ ಒಳಪಟ್ಟು’ ಅನ್ನುವುದು ಅವರಿಗೆ ಒಂದು ಹಿಡಿ. ಅದನ್ನು ಹಿಡಿದು ಅವರು ವಾದಿಸುತ್ತಾರೆ. ನೀವು ಮೇಲಿನ ಸಾಲು ಹಿಡಿದು ವಾದಿಸಿ. ಇಬ್ಬರಿಗೂ ಪೂರ್ತಿ ಖಾತ್ರಿ ಇಲ್ಲದಿದ್ದಾಗಲೇ ರಾಜಿ ಆಗುವುದು.

ಪತ್ರ ಹೀಗೆ ಬರೆಯಿರಿ, ಇಂಗ್ಲಿಷಿಗೆ ಯಜಮಾನರು ಹಾಕಿಕೊಡುತ್ತಾರೆ: 468ರ ತಪ್ಪನ್ನು ಒಪ್ಪುತ್ತೇನೆ, ಕೈಗೆ ಬಂದಷ್ಟನ್ನು ಲೆಕ್ಕ ಹಾಕಿ ಹೇಳಿ, ಇಷ್ಟಿಷ್ಟು ಕಂತಿನಲ್ಲಿ ಕೊಡುತ್ತೇನೆ. 816ನ್ನು ಒಪ್ಪುವುದಿಲ್ಲ, ಮಾರ್ಚ್ 27ರ ಪತ್ರದ ಪ್ರಕಾರವೇ ನೀವು ಕೊಟ್ಟಿದ್ದೀರಿ. ಈ ಮೊತ್ತ ಎಚ್‌ಎಂಆರ್‌ಸಿಗೆ ವಾಪಸ್ ಹೋಗಿದೆಯಾ ತಿಳಿಸಿ. ಆಗಸ್ಟ್‌ನಲ್ಲಿ ನಾನು ಕೇಳಿದ್ದೆ, ಉತ್ತರ ಲಗತ್ತಿಸಿದ್ದೇನೆ. ಮಾತು ಮುಗಿಯುವವರೆಗೆ ಸಂಬಳದಿಂದ ಹಿಡಿಯಬೇಡಿ.

ಒಂದು ಪುಟ ದಾಟಬೇಡಿ. ಸಿಟ್ಟು ಬೇಡ. ಸೆಕ್ಷನ್ ನಂಬರ್ ಹಾಕಿ ಹೆದರಿಸುವುದೂ ಬೇಡ, 14ನೇ ಸೆಕ್ಷನ್ ನೀವೇ ಅವರಿಗೆ ನೆನಪು ಮಾಡಿಕೊಟ್ಟ ಹಾಗಾಗುತ್ತದೆ 🙂

---

ರಿಸೆಪ್ಷನ್_ಅಕ್ಕ
19 ಮೇ 2021

ಏನಾಯಿತು ಅಂತ ಕೇಳಿದವರಿಗೆ.

ಪತ್ರ ಕಳಿಸಿದೆ. ಒಂದು ವಾರ ಸದ್ದೇ ಇಲ್ಲ. ಆಮೇಲೆ ಎಚ್‌ಆರ್‌ನಿಂದ ಫೋನ್ ಬಂತು, ಆಕೆ ಪಾಪ ಒಳ್ಳೆಯವಳು, ನನ್ನ ಹಾಗೇ ಆಕೆಗೂ ಇಂಥದೇ ಪತ್ರ ಬಂದಿತ್ತಂತೆ! ಲೆಕ್ಕದ ಹಾಳೆ ಕಳಿಸಿದರು. 468 ಪೌಂಡ್ ಎನ್‌ಐ ಕಳೆದು 411 ಪೌಂಡ್ 84 ಪೆನ್ಸ್ ಆಯಿತು, ನನಗೆ ಟ್ಯಾಕ್ಸ್ ಬೀಳುವಷ್ಟು ಸಂಬಳ ಇಲ್ಲ, ಪೆನ್ಷನ್ ಬೇಡ ಅಂತ ಮೊದಲೇ ಬರೆದುಕೊಟ್ಟಿದ್ದೆ. ನಾನು ತಿಂಗಳಿಗೆ 30 ಅಂದೆ, ಅವರು 70 ಅಂದರು, 45ಕ್ಕೆ ನಿಂತಿತು. ಕೆಲಸ ಬಿಟ್ಟರೂ ಅದೇ ಕಂತು ಅಂತ ಬರೆಸಿಕೊಂಡೆ, ಮಿಲ್ಟನ್ ಮಳೆಯವರಿಗೆ ಥ್ಯಾಂಕ್ಸ್.

816ರ ಬಗ್ಗೆ ‘ಸದ್ಯಕ್ಕೆ ವಸೂಲಿ ಮಾಡುವುದಿಲ್ಲ, ಸಲಹೆ ಪಡೆಯುತ್ತಿದ್ದೇವೆ’ ಅಂತ ಒಂದು ಈಮೇಲ್. ಎಚ್‌ಎಂಆರ್‌ಸಿಗೆ ಕಟ್ಟಿದ್ದೀರಾ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲ. ಎರಡನೇ ಸಲ ಕೇಳಿದೆ, ಅದಕ್ಕೂ ಇಲ್ಲ. ‘ಸದ್ಯಕ್ಕೆ’ ಅನ್ನುವುದರ ಅರ್ಥ ಏನು ಸಂಬಳದ ಸಂಗತಿಯವರೇ?

---

ಸಂಬಳದ_ಸಂಗತಿ

ನೀವು ಮರೆಯುವವರೆಗೆ ಅಂತ. ಆ ಈಮೇಲ್ ಎರಡು ಕಡೆ ಉಳಿಸಿಡಿ. ಇಂಗ್ಲೆಂಡಿನಲ್ಲಿ ಆರು ವರ್ಷದವರೆಗೆ ಅವರು ಕೋರ್ಟಿನಲ್ಲಿ ಕೇಳಬಹುದು, ಕೇಳುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. ಪ್ರತಿ ತಿಂಗಳು ಪೇಸ್ಲಿಪ್ ನೋಡಿ, 45ರ ಬದಲು ಬೇರೆ ಸಂಖ್ಯೆ ಕಂಡರೆ ಅದೇ ದಿನ ಬರೆಯಿರಿ.

---

ರಿಸೆಪ್ಷನ್_ಅಕ್ಕ

ಸರಿ. ಒಂಬತ್ತು ತಿಂಗಳು 45, ಹತ್ತನೇ ತಿಂಗಳು 6 ಪೌಂಡ್ 84 ಪೆನ್ಸ್. ಆ ಕೊನೆಯ ಕಂತನ್ನು ಬಿಡಿ ಅಂತ ಕೇಳಿದ್ದೆ, ಬಿಡಲಿಲ್ಲ. ನಾಳೆ ಬೆಳಗಿನ ಶಿಫ್ಟ್, ಆರು ಗಂಟೆಗೆ ಡೆಸ್ಕಿನಲ್ಲಿ ಇರಬೇಕು, ಬರ್ತೀನಿ.